ಅಪ್ಪನ ಪಾಲಿನ ಜಪ

ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಬಿಡುವಿಲ್ಲದೆ ಇಳಿಯುತ್ತಿದ್ದ ಕಾಲವದು. ಹೊಸಪೇಟೆಯಲ್ಲಿ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗುತ್ತಿತ್ತು. ಟಿಪ್ಪರ್ ಓಡಿಸುತ್ತಿದ್ದ ಅಪ್ಪ ಆ ಬೇಸಿಗೆಯಲ್ಲಿ ಮನೆಗೆ ದೊಡ್ಡ ಟಿವಿ ತಂದ, ಫ್ರಿಜ್ ತಂದ, ನನಗೆ ಮಿಂಚುವ ಚಪ್ಪಲಿ ತಂದ. ಭಾನುವಾರವೂ ಟ್ರಿಪ್ಪಿಗೆ ಹೋಗುತ್ತ ಚರ್ಚಿಗೆ ಬರುವುದನ್ನು ಮಾತ್ರ ಬಿಟ್ಟ. ಕೇಳಿದರೆ, ಎಲ್ಲಾ ನಿಮ್ಮ ಸುಖಕ್ಕೇ ಅಲ್ಲೇನು ಅನ್ನುತ್ತಿದ್ದ.

ಟಿ.ಬಿ. ಡ್ಯಾಂ ಹತ್ತಿರದ ನಮ್ಮ ಮನೆಯಲ್ಲಿ ಸಂಜೆ ಮಾತೆ ಮರಿಯಮ್ಮನವರ ಚಿತ್ರದ ಮುಂದೆ ಮೊಣಕಾಲೂರಿ ಜಪಸರ ಹೇಳುತ್ತಿದ್ದೆವು. ಸರದಲ್ಲಿ ಹತ್ತತ್ತು ಮಣಿಗಳ ಐದು ಪಾಲು, ಮನೆಯಲ್ಲಿ ಐದು ಜನ. ಅಜ್ಜಿ, ಅವ್ವ, ಅಣ್ಣ, ನಾನು ಒಂದೊಂದು ಪಾಲು ಹೇಳಿಸಿದ ಮೇಲೆ ಕೊನೆಯದು ಅಪ್ಪನದು. ಅದು ಮುಗಿಯದೆ ಊಟವಿಲ್ಲ. ಅವನು ತಡಮಾಡಿದರೆ ಅಜ್ಜಿ ಅವನ ಪಾಲಿನ ಮೊದಲ ಮಣಿಯನ್ನು ಹಾಗೇ ಬೆರಳಲ್ಲಿ ಹಿಡಿದು ಕೂತುಬಿಡುತ್ತಿದ್ದಳು. ಪುಂಡಿಪಲ್ಯದ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಜಪ ಅರ್ಧಕ್ಕೆ ನಿಂತರೆ ಘಾಟಿಯಲ್ಲಿ ಅಪ್ಪನಿಗೆ ಏನಾದರೂ ಆದೀತೆಂದು ನನಗೆ ಒಳಗೊಳಗೇ ನಡುಕ. ಅವನ ಪಾಲನ್ನು ನಾನೇ ಹೇಳಲಾ ಎಂದರೆ ಅಜ್ಜಿ ಒಪ್ಪುತ್ತಿರಲಿಲ್ಲ.

"ಬ್ಯಾಡ. ಅವನ ಹಸಿವಿಗೆ ನೀ ಉಂಡ್ರ ಆಗ್ತತೇನು?"

ಒಂದು ಸಂಜೆ ಸಂಡೂರು ದಾರಿಯಲ್ಲಿ ಟಿಪ್ಪರ್ ಪಲ್ಟಿಯಾಗಿದೆ ಎಂದು ಪಕ್ಕದ ಮನೆಯವರು ಹೇಳಿಹೋದರು. ಯಾರದೆಂದು ಅವರಿಗೂ ಗೊತ್ತಿರಲಿಲ್ಲ. ಅವ್ವ ಬಾಗಿಲಿಗೂ ಒಲೆಗೂ ಓಡಾಡಿದಳು; ಹೆಂಚಿನ ಮೇಲೆ ರೊಟ್ಟಿ ಸೀಯುವುದು ಅವಳ ಕಣ್ಣಿಗೆ ಬೀಳಲಿಲ್ಲ. ನಾಲ್ಕು ಪಾಲು ಮುಗಿಸಿದ್ದ ಅಜ್ಜಿ ಅಪ್ಪನ ಮಣಿಯನ್ನು ಬಿಡದೆ ಹಿಡಿದು ಕೂತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಕಣ್ಣರೆಪ್ಪೆಯ ಮೇಲೂ ಕೆಂಪು ಧೂಳು. ಉರುಳಿದ್ದು ಅವನ ಮುಂದಿದ್ದ ಗಾಡಿ. ಡ್ರೈವರನನ್ನು ಹೊರಗೆಳೆದು ಆಸ್ಪತ್ರೆಗೆ ಮುಟ್ಟಿಸಿ ಬಂದಿದ್ದ, ಜೀವ ಉಳಿದಿತ್ತು. ಕೈಕಾಲನ್ನೂ ತೊಳೆಯದೆ ನಮ್ಮ ಪಕ್ಕ ಮೊಣಕಾಲೂರಿದ.

"ಇಷ್ಟೆಲ್ಲಾ ತಂದೆ ಯವ್ವಾ. ಆದ್ರೂ ಒಳಗ ಭಾಳ ಖಾಲಿ ಅನಸ್ತತಿ."

"ನೀನ ಇಲ್ಲಿ ಇರ್ಲಿಲ್ಲಲ್ಲೋ, ಖಾಲಿ ಇರದ ಏನ್ ಮಾಡೀತು" ಎಂದು ಅಜ್ಜಿ ಸರವನ್ನು ಅವನ ಕೈಗಿಟ್ಟಳು. "ಹೇಳು, ಹುಡುಗ್ರು ಹಸದಾವ."

ಅಪ್ಪನ ದನಿ ಮಧ್ಯೆ ಮಧ್ಯೆ ಒಡೆಯಿತು. ಒಡೆದಾಗೆಲ್ಲ ನಾವು ಜೋರಾಗಿ ಹೇಳಿದೆವು. ಆಮೇಲೆ ಅವನು ಭಾನುವಾರದ ಟ್ರಿಪ್ ಬಿಟ್ಟು ನಮ್ಮ ಜೊತೆ ಚರ್ಚಿಗೆ ಬಂದ. ಅದಕ್ಕೆ ಟಿಪ್ಪರ್ ಮಾಲೀಕ ಬೇರೆಯವನನ್ನು ಹುಡುಕಿಕೊಂಡ, ಫ್ರಿಜ್ ಮಾರಿದೆವು. ಸೀದ ರೊಟ್ಟಿ ಹರಿದು ಹಂಚಿಕೊಂಡು ತಿಂದ ಆ ಸಂಜೆಯ ಸಂತೋಷ ಯಾವ ಸಾಮಾನಿನಿಂದಲೂ ಬಂದಿರಲಿಲ್ಲ.

ಈಗ ನನ್ನ ಮನೆಯಲ್ಲಿ ಜಪಸರ ಮೊಬೈಲಿನಲ್ಲಿ ನಡೆಯುತ್ತದೆ. ಸೊಪ್ಪು ಸೋಸುತ್ತ ಕೇಳುತ್ತೇನೆ. ಮಕ್ಕಳು ಅವರವರ ಕೋಣೆಯಲ್ಲಿ, ಯಜಮಾನರು ಇನ್ನೂ ಆಫೀಸಿನಲ್ಲಿ. ಐದೂ ಪಾಲು ಎಲ್ಲೂ ತಡೆಯದೆ ಮುಗಿಯುತ್ತವೆ. ಯಾರಾದರೂ ಬರಲಿ ಎಂದು ಅದು ಕಾಯುವುದಿಲ್ಲ.