ಹಾಜರಿಯ ಹನ್ನೊಂದನೆಯ ಹೆಸರು

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹತ್ತಿ ಗಿರಣಿಯ ಯಂತ್ರದಲ್ಲಿ ನಮ್ಮ ಯಜಮಾನರ ಬಲಗೈ ಸಿಕ್ಕಿಕೊಂಡದ್ದು ದೀಪಾವಳಿಯ ನಂತರ. ಸಂಕ್ರಮಣದ ಹೊತ್ತಿಗೆ ಗಾಯ ಮಾಯಿತು, ಬೆರಳುಗಳು ಮಾತ್ರ ಮಡಚಲಿಲ್ಲ, ಕೆಲಸ ಹೋಯಿತು. ಒಂಬತ್ತು ವರ್ಷ ಇಂಡಿ ಊರಿನ ಮನೆಯೊಳಗೇ ಇದ್ದ ನಾನು, ಮದುವೆಗೆ ಮುಂಚೆ ಓದಿದ ಮೆಟ್ರಿಕ್ಕಿನ ಬಲದ ಮೇಲೆ, ಹತ್ತಿರದ ತಾಂಬಾ ಹಳ್ಳಿಯ ಶಾಲೆಯಲ್ಲಿ ಹೆರಿಗೆಗೆ ಹೋದ ಶಿಕ್ಷಕಿಯ ಜಾಗದಲ್ಲಿ ಅಕ್ಕೋರಾದೆ. ಒಲೆ ಯಜಮಾನರ ಪಾಲಿಗೆ ಬಂತು.

ಮೂರನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹನ್ನೊಂದನೆಯ ಹುಡುಗನ ಹೆಸರೂ ನನ್ನ ಗಂಡನದೇ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮಲ್ಲಿ ನಂಬಿಕೆ. ರಕ್ತ ಮೆತ್ತಿದ ಹತ್ತಿಯನ್ನು ಕಣ್ಣಾರೆ ಕಂಡು ಬಂದವಳಿಗೆ ಅದನ್ನು ಪರೀಕ್ಷಿಸುವ ಧೈರ್ಯವಿರಲಿಲ್ಲ. ಹತ್ತರ ನಂತರ ಹನ್ನೆರಡನ್ನು ಕರೆದೆ. ಹನ್ನೊಂದರ ಮುಂದೆ ಸುಮ್ಮನೆ ಹಾಜರಿ ಗುರುತು ಹಾಕಿದೆ.

ಐದನೆಯ ದಿನ ಹೆಡ್‌ಮಾಸ್ತರರು ಪುಸ್ತಕ ಹಿಡಿದು ಬಂದರು.

"ಅಕ್ಕೋರ, ಈ ಹುಡುಗ ಎರಡ ದಿನದಿಂದ ಜ್ವರ ಬಂದು ಮನ್ಯಾಗ ಮಲಗ್ಯಾನ. ನಿಮ್ಮ ಪುಸ್ತಕದಾಗ ಮಾತ್ರ ದಿನಾ ಸಾಲಿಗೆ ಬರಾಕತ್ತಾನ."

ಕಾರಣ ಹೇಳಿದೆ. ಅವರು ನಗಲಿಲ್ಲ.

"ಸೋಮವಾರ ನನ್ನ ಮುಂದ ಎಲ್ಲಾ ಹೆಸರ ಕರೀರಿ. ಆಗಲಿಲ್ಲಂದ್ರ ನಿಮ್ಮ ಜಾಗಾಕ್ಕ ಬ್ಯಾರೆ ಮಂದೀನ್ನ ನೋಡ್ತೇನಿ."

ಸಂಜೆ ಯಜಮಾನರಿಗೆ ಹೇಳಿದೆ. ಹಿಟ್ಟು ಮೆತ್ತಿದ ಎಡಗೈಯಿಂದಲೇ ಹಣೆ ಹಿಡಿದುಕೊಂಡರು. "ಕರಿ. ಗಿರಣ್ಯಾಗ ಉಳದಾಂವ ನಿನ್ನ ಬಾಯಿಂದ ಸಾಯ್ತೇನೇನ?" ಎಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು ವಿದ್ಯಾರ್ಥಿಯಾದರು. ಬಾಯಿ ತೆರೆದೆ; ಮೊದಲ ಅಕ್ಷರಕ್ಕೇ ನಗು ಬಂತು. ಇಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ಗಾಯವಾದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು. ಹೆಸರು ಮಾತ್ರ ಬರಲಿಲ್ಲ.

ಸೋಮವಾರ ಹೆಡ್‌ಮಾಸ್ತರರು ಕುರ್ಚಿ ಹಾಕಿಸಿಕೊಂಡು ಕುಳಿತರು. ಜ್ವರ ಬಿಟ್ಟ ಹುಡುಗ ಮುಂದಿನ ಸಾಲಿನಲ್ಲಿದ್ದ. ಹತ್ತು ಹೆಸರು ಸರಿಯಾಗಿ ಹೋದವು. ಹನ್ನೊಂದರ ಮೇಲೆ ಬೆರಳಿಟ್ಟು ನಿಂತೆ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳಿದಾಗ ನಾವು ಎರಡು ಸಾಲಿನ ಪ್ರಾಸದ ಒಡಪು ಕಟ್ಟಿ, ಹೆಸರನ್ನು ಅದರೊಳಗೆ ಸೇರಿಸಿ ಹೇಳುತ್ತೇವೆ, ಅದಕ್ಕೆ ದೋಷವಿಲ್ಲ. ಯೋಚಿಸುವ ಮೊದಲೇ ಬಾಯಿಂದ ಹೆಸರಿನ ಸಮೇತ ರಾಗವಾಗಿ ಹೊರಟಿತು:

"ಹೊಲದಾಗ ತೂಗತಾವ ಬಿಳಿಜ್ವಾಳದ ತೆನಿ,
——ರಾಯರು ರೊಟ್ಟಿ ಬಡದು ನಡಸತಾರ ಮನಿ."

ಹುಡುಗ ಅರ್ಧ ಎದ್ದು ಸುತ್ತ ನೋಡಿದ.

"ನಾ ರೊಟ್ಟಿ ಬಡಿಯಂಗಿಲ್ರಿ," ಎಂದ. "ಹಾಜರ್ ರೀ."

ತರಗತಿ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ತರರು ಟೊಪ್ಪಿಗೆ ತೆಗೆದು ಬಾಯಿಗೆ ಅಡ್ಡ ಹಿಡಿದರು. ಟೊಪ್ಪಿಗೆ ಸ್ವಲ್ಪ ಹೊತ್ತು ಅಲುಗಿತು.

"ದಿನಾ ಹಿಂಗ ಹಾಡಿದ್ರ ಗಣಿತ ಯಾವಾಗ ಕಲಸ್ತೀರಿ? ಒಮ್ಮೆ ಬರೇ ಹೆಸರ ಕರೀರಿ."

ಕರೆದೆ. ಏನೂ ಆಗಲಿಲ್ಲ. ಹುಡುಗ ಮತ್ತೆ ಎದ್ದು ಹಾಜರ್ ಎಂದ. ಮನಸ್ಸು ಹಗುರಾಗಿ ಇನ್ನೊಮ್ಮೆ ಕರೆದೆ, ಮತ್ತೊಮ್ಮೆ ಕರೆದೆ. ಪ್ರತಿ ಸಲವೂ ಅವನು ಎದ್ದು ನಿಂತು ಮತ್ತೆ ಕುಳಿತ.

"ಸಾಕ್ರಿ ಅಕ್ಕೋರ," ಎಂದರು ಹೆಡ್‌ಮಾಸ್ತರರು. "ನಿಮ್ಮ ನೌಕರಿ ಎಲ್ಲೂ ಹೋಗಂಗಿಲ್ಲ. ಜ್ವರದಿಂದ ಎದ್ದ ಹುಡುಗ ಅದು, ಕುಂಡರ್ಲಿ. ಹನ್ನೆರಡನೇದು ಕರೀರಿ."