ಹೋಳಿಗೆ ಉಂಡ ಜಾಕೀಟು

ಕೌದಿಯನ್ನು ಜಗತ್ತೆಲ್ಲ ಹೊದ್ದು ಮಲಗುತ್ತದೆ. ನಾನು ಅದನ್ನು ತೊಟ್ಟು ಕನ್ಯಾ ನೋಡಲು ಹೋದವನು. ನಗಬೇಡಿ ಎನ್ನಲಾರೆ, ನಮ್ಮೂರವರು ಆಗಲೇ ನಕ್ಕು ಮುಗಿಸಿದ್ದಾರೆ.

ಆಗ ಊರಿಗೆ ಟಿವಿ ಬಂದ ಹೊಸತು. ಅದರಲ್ಲಿ ಹಿಮದ ನಾಡಿನವರು ಅರಳೆ ತುಂಬಿದ ಉಬ್ಬುಬ್ಬು ಜಾಕೀಟು ತೊಟ್ಟು ಓಡಾಡುವುದನ್ನು ಕಂಡೆ. ಅಣ್ಣಿಗೇರಿ ಬಾಜೂದ ನಮ್ಮೂರಿಗೆ ಹಿಮ ಬೀಳುವುದಿಲ್ಲ ಎಂಬ ಸಣ್ಣ ಸಂಗತಿ ನನಗೆ ಅಡ್ಡಿಯಾಗಲಿಲ್ಲ. ‘ಕೌದಿ ಹೊಲಿಯೋ ಕೈಗೆ ಜಾಕೀಟು ಯಾವ ಲೆಕ್ಕ ಬೇ?’ ಎಂದು ಅವ್ವನನ್ನು ಹುರಿದುಂಬಿಸಿದೆ. ಓಣಿಯ ಹೆಂಗಸರು ಹಳೆಯ ಸೀರೆಯ ತುಂಡು ತಂದುಕೊಟ್ಟರು. ಅವ್ವ ಅವನ್ನೇ ಕೌದಿಯಂತೆ ತೇಪೆ ಜೋಡಿಸಿ ಹೊಲಿಯಲು ಕುಳಿತಳು. ಆದರೆ ಕೌದಿಗೆ ಕುತ್ತಿಗೆಯಿಲ್ಲ, ತೋಳಿಲ್ಲ. ಅವ್ವನ ಸೂಜಿಗೆ ನೆಟ್ಟನೆಯ ದಾರಿಯೊಂದೇ ಗೊತ್ತು. ಹೀಗಾಗಿ ಆ ಜಾಕೀಟು ತೊಟ್ಟರೆ ನನ್ನ ಕೈಗಳು ಕೆಳಗಿಳಿಯಲು ಒಪ್ಪುತ್ತಿರಲಿಲ್ಲ.

ನಮ್ಮ ಕಡೆ ಕೌದಿಯನ್ನು ಹಸಿದಿರಲು ಬಿಡಬಾರದು. ಕಡೆಯ ಮೂಲೆ ಮುಚ್ಚುವ ಮುಂಚೆ ಒಳಗೆ ತಿನ್ನುವುದೇನಾದರೂ ಇಟ್ಟು ಹೊಲಿಯಬೇಕು. ಅವ್ವ ಹೋಳಿಗೆಯ ಚೂರು ಹಿಡಿದು ಬಂದಾಗ, ಇದು ಜಾಕೀಟು, ಕೌದಿಯಲ್ಲ ಎಂದು ವಾದಿಸಿದೆ.

‘ಹೊದ್ಕೊಂಡ್ರೇನು, ತೊಟ್ಕೊಂಡ್ರೇನು? ಹಸದ ಕೌದಿ ಯಾರನ್ನ ಬೆಚ್ಚಗ ಇಡತೈತಿ? ಸುಮ್ನಿರಲೇ!’ ಎಂದು ಹೋಳಿಗೆಯನ್ನು ಹೊಲಿದೇಬಿಟ್ಟಳು.

ಗುಡಿಯ ಶಾಸನ ಓದಲು ಪಂಡಿತರು ಬೇಕು. ಕೌದಿ ಓದಲು ಓಣಿಯ ಯಾವ ಹೆಂಗಸಾದರೂ ಸಾಕು. ಕನ್ಯಾ ನೋಡಲು ಸಂಶಿ ಎಂಬ ಊರಿಗೆ ಹೊರಟ ಆ ಚಳಿಯ ಮುಂಜಾನೆ ಒಬ್ಬೊಬ್ಬರೂ ನನ್ನನ್ನು ಹಿಡಿದು ತಿರುಗಿಸಿದರು. ‘ತಡಿಯೋ ತಮ್ಮಾ, ನನ್ನ ಮದವಿ ಸೀರಿ ಎಲ್ಲೈತಿ ನೋಡೂಣು!’ ಮದುಮಗನಾಗಲು ಹೊರಟವನ ಬೆನ್ನ ಮೇಲೆ ಊರಿನ ಅರ್ಧ ಮದುವೆಗಳು ಕುಳಿತಿದ್ದವು. ಬಸ್ಸು ತಪ್ಪದೇ ಇದ್ದದ್ದು ಪುಣ್ಯ.

ಸಂಶಿಯಲ್ಲಿ ಹುಡುಗಿ ಚಹಾ ತಂದಳು. ನೋಡಿದ ಕೂಡಲೇ ಮನಸ್ಸಿಗೆ ಬಂದಳು. ಮದುವೆಯಾದರೆ ಈಕೆಯನ್ನೇ ಎಂದುಕೊಳ್ಳುವಷ್ಟರಲ್ಲಿ ಹೊಟ್ಟೆಯ ಹತ್ತಿರ ಚುರ್ ಎಂದಿತು. ಆಮೇಲೆ ಬಗಲಲ್ಲಿ. ಆಮೇಲೆ ಎಲ್ಲೆಂದು ಹೇಳಲಿ! ಕೆಂಪಿರುವೆಗಳು ಹೋಳಿಗೆಯ ಜಾಡು ಹಿಡಿದಿದ್ದವು. ಜಾಕೀಟು ತೆಗೆಯೋಣವೆಂದರೆ ಒಳಗಿನ ಅಂಗಿ ಹರಿದದ್ದು. ನಾನು ಕುಳಿತಲ್ಲೇ ನುಲಿದೆ, ಜಿಗಿದೆ, ಹಲ್ಲು ಕಚ್ಚಿ ನಕ್ಕೆ.

‘ಯಾಕ್ರಿ, ಮೈಯಾಗ ಏನರ ತ್ರಾಸ ಐತೇನ್ರಿ?’ ಎಂದರು ಹುಡುಗಿಯ ತಂದೆ. ಈ ವರನಿಗೆ ಯಾವುದೋ ರೋಗವಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಸಂಬಂಧ ಕೈತಪ್ಪಿತೆಂದೇ ತಿಳಿದೆ.

ಹುಡುಗಿ ಮಾತ್ರ ನನ್ನ ಜಾಕೀಟಿನ ಮೂಲೆಯನ್ನೇ ನೋಡುತ್ತಿದ್ದಳು. ‘ಅಪ್ಪಾ, ಅವರಿಗೇನೂ ಆಗಿಲ್ಲ. ಜಾಕೀಟಿಗೆ ಹೋಳಿಗಿ ಉಣಿಸ್ಯಾರ. ಇರಿವಿ ಪಂಕ್ತಿಗೆ ಬಂದಾವ, ನೋಡು!’ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅವಳ ತಂದೆ ತೊಡೆ ತಟ್ಟಿಕೊಂಡು ನಕ್ಕರು. ‘ಜಾಕೀಟಿಗೂ ಉಣ್ಣಾಕ ಹಾಕೋ ಮಂದಿ, ಸೊಸಿನ್ನ ಉಪವಾಸ ಕೆಡವಲಿಕ್ಕಿಲ್ಲ. ನಮ್ಮದು ಒಪ್ಪಿಗಿ ಐತ್ರಿ!’

ಅವರ ನಂಬಿಕೆ ಸುಳ್ಳಾಗಲಿಲ್ಲ. ಅವರ ಮಗಳು ನಮ್ಮ ಮನೆಯಲ್ಲಿ ಒಂದು ಹೊತ್ತೂ ಉಪವಾಸವಿಲ್ಲ. ಜಗಳವಾದ ದಿನ ಆಕೆ ನನ್ನನ್ನು ಉಪವಾಸ ಕೆಡವಿದ್ದುಂಟು. ಅಳಿಯನ ಊಟದ ಕುರಿತು ಮಾವನವರ ಹತ್ತಿರ ಮದುವೆಗೆ ಮುಂಚೆಯೇ ಮಾತು ತೆಗೆದುಕೊಳ್ಳಲು ನಮ್ಮ ಕಡೆಯವರಿಗೆ ಹೊಳೆಯಲೇ ಇಲ್ಲ.