ಲಿಫ್ಟ್ ಮಾವನ ಸುಲಭದ ಆಟಗಳು

ಆ ಕಟ್ಟಡದಲ್ಲಿ ನಲವತ್ತು ಮನೆಗಳಿವೆ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಲಿಫ್ಟ್ ಮಾವ ಮಾತ್ರ ಎದುರಾಗಬಾರದು ಎಂಬುದು ಮೂವತ್ತೊಂಬತ್ತು ಮನೆಯವರ ಆಸೆ. ನಲವತ್ತನೆಯದು ಅವರದೇ ಮನೆ. ಅಲ್ಲಿ ಅವರ ಹೆಂಡತಿಗೂ ಅದೇ ಆಸೆಯಿತ್ತು, ಆದರೆ ಆಕೆಗೆ ಬೇರೆ ದಾರಿಯಿರಲಿಲ್ಲ.

ಲಿಫ್ಟ್ ಮಾವ ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ನಿವೃತ್ತರಾಗಿ ಮೂರು ವರ್ಷವಾದರೂ ಊರಿನ ಹಳೆಯ ಲಿಫ್ಟುಗಳು ಕೈಕೊಟ್ಟಾಗ ಫೋನು ಬರುವುದು ಅವರಿಗೇ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ, ಕೈಪಿಡಿಯ ಮೂರನೇ ಪುಟ ಓದುವ ಮೊದಲೇ ಒಂದು ತಂತಿ ಮುಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಎಡಗೈ ಹೆಬ್ಬೆರಳಿಗೆ ಈಗಲೂ ಬಿಸಿ ಯಾವುದು, ತಣ್ಣಗಿನದು ಯಾವುದು ಎಂದು ತಿಳಿಯುವುದಿಲ್ಲ. ಅಂದಿನಿಂದ ಅವರದೊಂದು ಕಟ್ಟುನಿಟ್ಟು. ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದಿ ಮುಗಿಸಬೇಕು. ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟಬಾರದು. ಬಾಗಿಲಿಗೆ ‘ಕೆಲಸ ನಡೆಯುತ್ತಿದೆ, ಮುಟ್ಟಬೇಡಿ’ ಎಂಬ ಹಳದಿ ಫಲಕ ತೂಗುಹಾಕಬೇಕು. ಲಿಫ್ಟಿನ ಮಟ್ಟಿಗೆ ಇದು ಬಹಳ ಒಳ್ಳೆಯ ಪದ್ಧತಿ. ಅವರು ರಿಪೇರಿ ಮಾಡಿದ ಯಾವ ಲಿಫ್ಟೂ ಯಾರ ಕೂದಲನ್ನೂ ಕೊಂಕಿಸಿಲ್ಲ. ಅನಾಹುತ ಶುರುವಾದದ್ದು ಅವರು ಅದೇ ಪದ್ಧತಿಯನ್ನು ಬೋರ್ಡ್ ಗೇಮುಗಳಿಗೂ ತಂದಾಗ.

ಮೊದಲ ಆಟದ ಡಬ್ಬಿ ಸಿಕ್ಕಿದ್ದು ಒಂದು ಲಿಫ್ಟಿನ ಕೆಳಗಿನ ಹಳ್ಳದಲ್ಲಿ. ಯಾರದೋ ಕೈಯಿಂದ ಬಾಗಿಲ ಸಂದಿಯಲ್ಲಿ ಜಾರಿಬಿದ್ದಿತ್ತು, ಕೇಳಿಕೊಂಡು ಯಾರೂ ಬರಲಿಲ್ಲ. ಮೂರು ಕಾಯಿ ಕಳೆದಿದ್ದವು. ಅವುಗಳ ಜಾಗಕ್ಕೆ ಮೂರು ನಟ್ಟು ಇಟ್ಟು, ನಿಯಮಗಳ ಪುಸ್ತಕ ಓದಿದರು. ಮೂವತ್ತೊಂದು ವರ್ಷ ಓದಿದ ಯಾವ ಕೈಪಿಡಿಯೂ ಅವರಿಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ. ಆಮೇಲೆ ಒಂದೊಂದಾಗಿ ಅರವತ್ತೊಂದು ಡಬ್ಬಿಗಳಾದವು. ಆಡಲು ಜನ ಮಾತ್ರ ಒಬ್ಬರೂ ಆಗಲಿಲ್ಲ. ಆದ್ದರಿಂದ ಅವರು ಮೇಜಿನ ಸುತ್ತ ನಾಲ್ಕು ಕುರ್ಚಿ ಹಾಕಿ, ಸರದಿ ಬಂದಂತೆ ಎದ್ದು ಮುಂದಿನ ಕುರ್ಚಿಯಲ್ಲಿ ಕೂತು, ನಾಲ್ಕು ಜನರಾಗಿ ಒಬ್ಬರೇ ಆಡುತ್ತಿದ್ದರು. ನಾಲ್ವರೂ ನಿಯಮ ಮೀರುತ್ತಿರಲಿಲ್ಲ. ಒಬ್ಬರೂ ನಗುತ್ತಿರಲಿಲ್ಲ.

ಹೆಂಡತಿಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಹಾಕುವುದು, ದಪ್ಪಗಾದವರ ರವಿಕೆಯ ಹೊಲಿಗೆ ಬಿಚ್ಚಿ ಅಗಲ ಮಾಡುವುದು ಆಕೆಯ ಕೆಲಸ. ಡಬ್ಬಿಗಳು ಹೊಲಿಗೆ ಯಂತ್ರದ ಮೇಲೂ ಏರಿ ಕೂತ ದಿನ ಆಕೆ ಹೇಳಿದ್ದು ಒಂದೇ ಮಾತು. “ರೀ, ಈ ಮನೇಲಿ ಇರೋದು ಒಂದೇ ಕೋಣೆ. ಅವು ಇರ್ಬೇಕು, ಇಲ್ಲ ನಾನಿರ್ಬೇಕು.”

ಮಾವ ಸ್ವಲ್ಪ ಯೋಚಿಸಿದರು. ಆ ಸ್ವಲ್ಪ ಯೋಚಿಸಿದ್ದನ್ನು ಟೈಲರಮ್ಮ ಇನ್ನೂ ಮರೆತಿಲ್ಲ.

ಕೊನೆಗೆ ನೆಲಮಹಡಿಯಲ್ಲಿ ಖಾಲಿ ಬಿದ್ದಿದ್ದ, ಬಣ್ಣದ ಡಬ್ಬದ ವಾಸನೆಯ ಪುಟ್ಟ ಕೋಣೆಯೊಂದು ಸಿಕ್ಕಿತು. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ ಮೂರನೇ ಮಹಡಿಯ ಹೆಡ್ಮಿಸ್. ಶಾಲೆಯಿಂದ ನಿವೃತ್ತರಾದರೂ ಹಾಜರಿ ಪುಸ್ತಕದಿಂದ ನಿವೃತ್ತರಾಗಿರಲಿಲ್ಲ. “ಜನರನ್ನ ಸೇರಿಸ್ತೀನಿ, ಹೊಸಬರಿಗೆ ಆಟ ಕಲಿಸ್ತೀನಿ” ಎಂದು ಮಾವ ಅವರನ್ನು ಒಪ್ಪಿಸಿದ್ದರು. ಒಂದು ವರ್ಷವಾದ ಮೇಲೆ ಹೆಡ್ಮಿಸ್ ಬಂದು ಬಾಗಿಲಲ್ಲಿ ನಿಂತರು.

“ಸೈಕಲ್ ನಿಲ್ಸೋಕೆ ಜಾಗ ಇಲ್ಲ ಅಂತ ಎಲ್ರೂ ಗಲಾಟೆ ಮಾಡ್ತಿದ್ದಾರೆ. ನಿಮ್ಮ ಹತ್ರ ಎಷ್ಟು ಜನ ಬಂದಿದ್ದಾರೆ?”

“ಇಪ್ಪತ್ತಾರು,” ಎಂದರು ಮಾವ ಹೆಮ್ಮೆಯಿಂದ.

“ಅದ್ರಲ್ಲಿ ಎರಡನೇ ಸಲ ಬಂದೋರು?”

ಮಾವ ಉತ್ತರ ಅಲ್ಲಿದೆಯೇನೋ ಎಂಬಂತೆ ಕೈಯಲ್ಲಿದ್ದ ನಿಯಮಗಳ ಪುಸ್ತಕವನ್ನು ತಿರುವಿ ನೋಡಿದರು.

“ಐದು ಭಾನುವಾರ ಕೊಡ್ತೀನಿ,” ಎಂದರು ಹೆಡ್ಮಿಸ್. “ಒಂದ್ಸಲ ಬಂದೋರಲ್ಲಿ ನಾಲ್ಕು ಜನ ಎರಡನೇ ಸಲ ಬರ್ಬೇಕು. ಬರ್ಲಿಲ್ಲ ಅಂದ್ರೆ ಸೈಕಲ್ ಬರುತ್ತೆ.”

ಆ ದಿನವೇ ಟೈಲರಮ್ಮ ಮನೆಯಲ್ಲಿ ಹೊಲಿಗೆ ಯಂತ್ರವನ್ನು ಡಬ್ಬಿಗಳಿದ್ದ ಹಳೆಯ ಜಾಗದ ನಟ್ಟನಡುವೆ ಎಳೆದಿಟ್ಟರು. ಕೋಣೆ ಹೋದರೆ ಅರವತ್ತೊಂದು ಡಬ್ಬಿಗಳಿಗೆ ಉಳಿಯುವುದು ಗುಜರಿ ಅಂಗಡಿ ಎಂಬುದು ಮಾವನಿಗೆ ಯಾರೂ ಹೇಳದೆ ತಿಳಿಯಿತು.

ಹೊಸಬರಿಗೆ ಯಾವ ಆಟ ಸುಲಭ ಎಂಬ ಬಗ್ಗೆ ಮಾವನದೊಂದು ಸಿದ್ಧಾಂತವಿತ್ತು. ತಾವು ಒಂದೇ ದಿನದಲ್ಲಿ ಅರ್ಥ ಮಾಡಿಕೊಂಡ ಆಟಗಳಿಗೆ ಹಸಿರು ಚೀಟಿ ಅಂಟಿಸಿದ್ದರು. ಡಬ್ಬಿಯ ಮೇಲೆ ಹನ್ನೆರಡು ವರ್ಷದಿಂದ ಮೇಲೆ ಎಂದು ಅಚ್ಚಾಗಿದ್ದರೆ, ಇಪ್ಪತ್ನಾಲ್ಕು ವರ್ಷದವರಿಗೆ ಅದು ಎರಡು ಪಟ್ಟು ಸುಲಭ ಎಂಬುದು ಅವರ ಲೆಕ್ಕ. ಅದರ ಪ್ರಕಾರ ಮೊದಲ ಭಾನುವಾರಕ್ಕೆ ಆಯ್ದದ್ದು ಕಾಲುವೆ ಕಟ್ಟುವ ಆಟ. ಇನ್ನೂರ ಹದಿನಾಲ್ಕು ಕಾಯಿ, ಏಳು ಬಗೆಯ ನೀರು.

ಬಂದವರು ಎದುರಿನ ಬೇಕರಿಯವನು, ಅವನ ಹೆಂಡತಿ, ನಾಲ್ಕನೇ ಮಹಡಿಯ ನರ್ಸ್. ಮಾವ ಬಾಗಿಲಿಗೆ ಹಳದಿ ಫಲಕ ತೂಗುಹಾಕಿ ಓದಲು ತೊಡಗಿದರು. ಬೇಕರಿಯವನ ಹೆಂಡತಿ ನೀಲಿ ಕಾಯಿಯೊಂದನ್ನು ಚೆಂದವಿದೆಯೆಂದು ಎತ್ತಿಕೊಂಡಳು.

“ಮುಟ್ಬೇಡಮ್ಮ, ಇನ್ನೂ ಹನ್ನೊಂದನೇ ಪುಟದಲ್ಲಿದ್ದೀವಿ.”

ಅವಳು ಕೆಂಡ ಮುಟ್ಟಿದವಳಂತೆ ಕೈ ಹಿಂದೆಗೆದಳು. ಒಂದು ಗಂಟೆ ಕಳೆಯಿತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ನರ್ಸ್ ಗೋಡೆಗೆ ಒರಗಿ ನಿದ್ದೆ ಹೋದಳು. ಬೇಕರಿಯವನು ಮೆಲ್ಲಗೆ ಕೇಳಿದ, “ಮಾವ, ನಾವು ಈಗ ಆಡ್ತಿದ್ದೀವಾ?”

“ಇಲ್ಲಪ್ಪ, ಇದು ಪೀಠಿಕೆ.”

“ಒಲೇಲಿ ಬ್ರೆಡ್ ಇಟ್ಟು ಬಂದಿದ್ದೆ,” ಎಂದು ಅವನು ಹೆಂಡತಿಯ ಕೈ ಹಿಡಿದು ಹೊರಟೇ ಬಿಟ್ಟ. ಭಾನುವಾರ ಬೇಕರಿಗೆ ರಜೆ. ಎಷ್ಟು ಅವಸರವಿತ್ತೆಂದರೆ ಕೊಡೆಯನ್ನು ಮೂಲೆಯಲ್ಲೇ ಮರೆತ. ಅದನ್ನು ಕೇಳಲು ಹೋದರೆ ಪೀಠಿಕೆ ಮುಂದುವರಿದೀತೆಂದು ಮೂರು ವಾರ ಬಿಸಿಲಲ್ಲಿ ಬೆಂದ.

ಎರಡನೇ ಭಾನುವಾರ ಮಾವ ತಪ್ಪು ತಿದ್ದಿಕೊಂಡರು. ಸೋಲುವ ಭಯಕ್ಕೆ ಹೊಸಬರು ಓಡುತ್ತಾರೆಂದು ಅವರಿಗೆ ಅನ್ನಿಸಿತ್ತು. ಆದ್ದರಿಂದ ಎಲ್ಲರೂ ಒಂದೇ ಪಕ್ಷವಾಗಿ ಆಡುವ ಆಟ ತೆಗೆದರು. ತೂತು ಬಿದ್ದ ಹಡಗು, ಎಲ್ಲರೂ ಸೇರಿ ತೂತು ಮುಚ್ಚಬೇಕು. ಬಂದವನು ಎರಡನೇ ಮಹಡಿಯ ಬಸ್ ಡ್ರೈವರ್ ಒಬ್ಬನೇ. ಪುಸ್ತಕವೂ ತೆಳು, ನಲವತ್ತೇ ನಿಮಿಷದಲ್ಲಿ ಮುಗಿಯಿತು. ಡ್ರೈವರ್ ಕಾಯಿ ಎತ್ತಿದ.

“ಅದಲ್ಲ, ಪಕ್ಕದ್ದು,” ಎಂದರು ಮಾವ. ಅವನು ಪಕ್ಕದ್ದು ಎತ್ತಿದ. “ಎಡಕ್ಕೆ ಎರಡು ಮನೆ. ಹ್ಞಾ, ಈಗ ಬಕೆಟ್ ಕಾರ್ಡು ಹಾಕು. ಅದಲ್ಲ, ದೊಡ್ಡ ಬಕೆಟ್.” ಹಡಗು ಉಳಿಯಿತು. ಮಾವ ಅವನ ಬೆನ್ನು ತಟ್ಟಿ, “ನೋಡು, ಮೊದಲನೇ ಸಲಾನೇ ಗೆದ್ದೆ!” ಎಂದರು.

“ಗೆದ್ದಿದ್ದು ನೀವು ಮಾವ, ನಾನು ಬರೀ ಕೈ ಸಾಲ ಕೊಟ್ಟೆ,” ಎಂದ ಡ್ರೈವರ್. “ನಾನು ವಾರಕ್ಕೆ ಆರು ದಿನ ಬಸ್ ಓಡಿಸ್ತೀನಿ. ಬೆನ್ನ ಹಿಂದೆ ನಿಂತು ಎಡಕ್ಕೆ ತಗೋ ಬಲಕ್ಕೆ ತಗೋ ಅನ್ನೋರು ಅಲ್ಲೇ ಬೇಕಾದಷ್ಟು ಸಿಗ್ತಾರೆ. ಏಳನೇ ದಿನಾನೂ ಬೇಕಾ?”

ಮೂರನೇ ಭಾನುವಾರ ಯಾರೂ ಬರಲಿಲ್ಲ. ಮಾವ ನಾಲ್ಕು ಕುರ್ಚಿಗಳಲ್ಲಿ ಸರದಿಯಂತೆ ಕೂತರು. ಗೆದ್ದದ್ದು ಕಿಟಕಿಯ ಪಕ್ಕದ ಕುರ್ಚಿ.

ನಾಲ್ಕನೇ ಭಾನುವಾರ ಇಬ್ಬರು ಬರುವುದೆಂದು ಗೊತ್ತಾಗಿತ್ತು. ಒಬ್ಬರು ಐದನೇ ಮಹಡಿಗೆ ಹೊಸದಾಗಿ ಬಂದ ಪ್ರೂಫ್ ರೀಡರ್; ಕಟ್ಟಡದ ಸಮಾಚಾರ ಇನ್ನೂ ಅವರ ಕಿವಿಗೆ ಬಿದ್ದಿರಲಿಲ್ಲ. ಇನ್ನೊಬ್ಬರು ಡ್ರೈವರನ ಅತ್ತೆ. ಒಂದು ವಾರಕ್ಕೆಂದು ಬಂದು ಎರಡು ತಿಂಗಳಾಗಿದ್ದ ಆಕೆಯನ್ನು ಅಳಿಯನೇ, “ಹೋಗ್ಬನ್ನಿ ಅತ್ತೆ, ತುಂಬಾ ಚೆನ್ನಾಗಿರುತ್ತೆ, ನಿಧಾನಕ್ಕೆ ಬನ್ನಿ,” ಎಂದು ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟಿದ್ದ.

ಮಾವ ಐವತ್ತೆರಡು ಪುಟಗಳ ಪುಸ್ತಕವಿರುವ ಒಂದು ಆಟ ತೆಗೆದಿಟ್ಟಿದ್ದರು. ಕಷ್ಟದ್ದನ್ನು ಮೊದಲು ಕಲಿತರೆ ಉಳಿದ ಅರವತ್ತೂ ಸುಲಭವಾಗುತ್ತವೆ ಎಂಬುದು ಹೊಸ ಸಿದ್ಧಾಂತ. ಮೂರೂವರೆಗೆ ಫೋನು ಬಂತು. ಎರಡು ಬೀದಿ ಆಚೆಯ ಹಳೆಯ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತಿದೆ, ಒಳಗೆ ಇಬ್ಬರಿದ್ದಾರೆ. ಮಾವ ಉಪಕರಣದ ಚೀಲ ಹೆಗಲಿಗೇರಿಸಿ, ಹೆಂಡತಿಗೆ ಕೋಣೆಯ ಬೀಗದ ಕೈ ಕೊಟ್ಟರು.

“ಬಂದೋರನ್ನ ಕೂರ್ಸೇ. ಏನನ್ನೂ ಮುಟ್ಟಕ್ಕೆ ಬಿಡ್ಬೇಡ.”

ಮಾವ ಮರಳುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಲಿಫ್ಟಿನ ಇಬ್ಬರನ್ನೂ ಕ್ಷೇಮವಾಗಿ ಇಳಿಸಿ, ಕೈಗೆ ಗ್ರೀಸು ಮೆತ್ತಿಕೊಂಡೇ ಓಡಿ ಬಂದಿದ್ದರು. ಹೊಸಬರು ಹೋಗಿಬಿಟ್ಟಿರುತ್ತಾರೆ ಎಂಬುದು ಖಾತ್ರಿಯಿತ್ತು. ಆದರೆ ಕೋಣೆಯ ಒಳಗಿಂದ ಒಂದು ಸದ್ದು ಬರುತ್ತಿತ್ತು. ಅಲ್ಲಿ ಒಂದು ವರ್ಷದಲ್ಲಿ ಆ ಸದ್ದು ಕೇಳಿರದ ಕಾರಣ ಅದು ನಗು ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮೇಜಿನ ಸುತ್ತ ನಾಲ್ವರಿದ್ದರು. ಪ್ರೂಫ್ ರೀಡರ್, ಡ್ರೈವರನ ಅತ್ತೆ, ಟೈಲರಮ್ಮ, ಮತ್ತು ಕೊಡೆಯನ್ನು ತೊಡೆಯ ಮೇಲೆ ಅಡ್ಡವಾಗಿಟ್ಟುಕೊಂಡ ಬೇಕರಿಯವನು. ಮಾವ ಹೊರಗೆ ಹೋದದ್ದನ್ನು ಮುಚ್ಚಿದ್ದ ಅಂಗಡಿಯ ಮುಂದಿನಿಂದ ನೋಡಿ, ಕೊಡೆ ಎತ್ತಿಕೊಂಡು ಹೋಗಲು ಬಂದವನು ಹಾಗೇ ಕೂತಿದ್ದ. ಆಡುತ್ತಿದ್ದುದು ಸುಳ್ಳು ಹೇಳುವ ಆಟ. ಒಬ್ಬರು ಕಾರ್ಡನ್ನು ಬೋರಲು ಹಾಕಿ ಒಂದು ಅಂಕಿ ಹೇಳಬೇಕು, ಉಳಿದವರು ನಿಜವೋ ಸುಳ್ಳೋ ಎನ್ನಬೇಕು. ತಪ್ಪಿದವರು ತಮ್ಮ ಮೂರು ಮಣಿಗಳಲ್ಲಿ ಒಂದನ್ನು ಕಾರ್ಡು ಹಾಕಿದವರಿಗೆ ಕೊಡಬೇಕು.

“ಒಂಬತ್ತು,” ಎಂದರು ಅತ್ತೆ, ಹಸುವಿನಷ್ಟು ಸಾಧುವಾದ ಮುಖದಿಂದ.

“ನಿಜ,” ಎಂದ ಬೇಕರಿಯವನು. “ಪಾಪ, ಹಿರಿಯರು.”

ಅತ್ತೆ ಕಾರ್ಡು ಮಗುಚಿದರು. ಎರಡು. “ಈ ಮುಖ ನೋಡಿ ನಮ್ಮ ಅಳಿಯನೂ ದಿನಾ ಮೋಸ ಹೋಗ್ತಾನಪ್ಪ. ‘ನಾಳೆ ಊರಿಗೆ ಹೋಗ್ತೀನಿ’ ಅಂತೀನಿ, ನಂಬ್ತಾನೆ.” ಮೇಜು ಅಲುಗುವಂತೆ ಎಲ್ಲರೂ ನಕ್ಕರು.

ಬೇಕರಿಯವನ ಕೊನೆಯ ಮಣಿಯೂ ಹೋಗಿತ್ತು. ಮೂರನೇ ನಿಯಮದ ಪ್ರಕಾರ ಅವನು ಆಟದಿಂದ ಹೊರಗೆ. ಟೈಲರಮ್ಮ ಡಬ್ಬಿಯಿಂದ ಇನ್ನೊಂದು ಮಣಿ ತೆಗೆದು ಅವನ ಮುಂದಿಟ್ಟರು.

“ಏನೇ ಇದು!” ಎಂದರು ಮಾವ ಬಾಗಿಲಿಂದ.

“ಹೊರಗೆ ಹೋದೋನು ಗೋಡೆ ನೋಡ್ಕೊಂಡು ಕೂರ್ಬೇಕೇನ್ರೀ? ಆಡ್ಲಿ ಬಿಡಿ.”

ಮಾವ ನಿಯಮಗಳ ಹಾಳೆಗಾಗಿ ಮೇಜಿನ ಮೇಲೆ ಕಣ್ಣಾಡಿಸಿದರು. ಅದು ಟೈಲರಮ್ಮನ ಟೀ ಲೋಟದ ಅಡಿಯಲ್ಲಿತ್ತು. ಮೂರನೇ ನಿಯಮದ ಮೇಲೆ ಲೋಟದ ದುಂಡನೆಯ ಕಲೆ ಬಿದ್ದಿತ್ತು.

“ಪೂರ್ತಿ ಓದಿದ್ಯಾ?”

“ನಾಲ್ಕು ಸಾಲು ಓದ್ದೆ. ಅಷ್ಟರಲ್ಲಿ ಇವರು ಆಡ್ತಿದ್ರು.”

“ಅರವತ್ತೊಂದರಲ್ಲಿ ಇದನ್ನೇ ಯಾಕೆ ಆರಿಸ್ದೆ? ಇದಕ್ಕೆ ನಾನು ಹಸಿರು ಚೀಟೀನೂ ಹಾಕಿಲ್ಲ.”

“ಒಂದೊಂದೇ ಡಬ್ಬಿ ಎತ್ತಿ ಅಲ್ಲಾಡಿಸ್ದೆ. ಯಾವುದು ಕಡಿಮೆ ಗಲಗಲ ಅಂತೋ ಅದನ್ನ ತೆಗೆದೆ.”

ಮಾವನ ಬಾಯಿ ತೆರೆಯಿತು. ಹೊಸಬರಿಗೆ ಆಟ ಆರಿಸುವ ವಿಷಯದಲ್ಲಿ ಅವರು ಒಂದು ವರ್ಷದಿಂದ ಟಿಪ್ಪಣಿ ಬರೆದಿದ್ದ ನೋಟುಪುಸ್ತಕ ಒಂದಲ್ಲ, ಎರಡು. ಮೂರನೇ ನಿಯಮ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಬೇಕರಿಯವನು ಕೊಡೆ ಎತ್ತಿಕೊಂಡು ಏಳುತ್ತಾನೆ. ಹೇಳದಿದ್ದರೆ ತಮ್ಮ ಕಣ್ಣೆದುರೇ ತಪ್ಪು ನಡೆಯುತ್ತದೆ. ಮೂವತ್ತೊಂದು ವರ್ಷದಲ್ಲಿ ಅಂಥ ತಪ್ಪನ್ನು ಅವರು ಒಮ್ಮೆಯೂ ನೋಡಿಕೊಂಡು ಸುಮ್ಮನಿದ್ದವರಲ್ಲ. ಎಡಗೈ ಹೆಬ್ಬೆರಳನ್ನು ಬಲಗೈಯಿಂದ ಉಜ್ಜಿಕೊಂಡರು. ಇಲ್ಲಿ ಯಾರಿಗೂ ಶಾಕ್ ಹೊಡೆಯುವುದಿಲ್ಲ ಎಂಬುದು ಅವರಿಗೆ ಆ ದಿನ ಮೊದಲ ಬಾರಿಗೆ ಹೊಳೆದಿರಬೇಕು. ಅಥವಾ ಗುಜರಿ ಅಂಗಡಿ ಕಣ್ಣ ಮುಂದೆ ಬಂದಿರಬೇಕು. ಎರಡನೆಯದೇ ಹೆಚ್ಚು ಸಂಭವ.

“ನಾನೂ ಕೂತ್ಕೊಳ್ಲಾ?” ಎಂದರು.

ಟೈಲರಮ್ಮ ಮೇಲಿಂದ ಕೆಳಗೆ ನೋಡಿದರು. “ಕೈ ತೊಳ್ಕೊಂಡು ಬನ್ನಿ. ಈ ಸುತ್ತು ಸುಮ್ನೆ ನೋಡಿ, ನೀವು ಹೊಸಬರು.”

ಐದನೇ ಭಾನುವಾರ ಹೆಡ್ಮಿಸ್ ಹಾಜರಿ ಪುಸ್ತಕದೊಂದಿಗೆ ಬಂದರು. ಪ್ರೂಫ್ ರೀಡರ್ ಎರಡನೇ ಸಲ. ಡ್ರೈವರನ ಅತ್ತೆ ಎರಡನೇ ಸಲ. ಬೇಕರಿಯವನದು ಮೂರನೆಯದೆಂದು ಮಾವ ವಾದಿಸಿದರು, ಕೊಡೆಗೆಂದು ಬಂದದ್ದನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ಹೆಡ್ಮಿಸ್ ಐದು ನಿಮಿಷ ಯೋಚಿಸಿದರು. ಹೇಗೆ ಎಣಿಸಿದರೂ ಎರಡಕ್ಕೆ ಕಡಿಮೆಯಿರಲಿಲ್ಲ. ಇನ್ನೂ ಒಬ್ಬರು ಬೇಕಿತ್ತು. ಗಂಟೆ ನಾಲ್ಕೂವರೆಯಾಯಿತು. ಮಾವ ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದರು. ಐದನೇ ಸಲ ಹೋದಾಗ ಡ್ರೈವರ್ ಮೆಟ್ಟಿಲಿಳಿದು ಬರುತ್ತಿದ್ದ.

“ಅತ್ತೇನ ಇಲ್ಲಿಗೆ ಕಳ್ಸಿದ್ದು ಊರಿಗೆ ಹೊರಡ್ಲಿ ಅಂತ,” ಎಂದ ಅವನು ಮಾವನ ಕಿವಿಯಲ್ಲಿ. “ಈಗ ಪ್ರತಿ ಭಾನುವಾರ ಆಟ ಇದೆ, ಊರಿಗೆ ಹೋಗಲ್ಲ ಅಂತಾರೆ. ಏನ್ ಮದ್ದು ಹಾಕಿದ್ರಿ ಮಾವ?”

“ಒಳಗೆ ಬಾ. ಬಂದು ಕೂತ್ಕೋ. ಯಾವ ಕಾಯಿ ಬೇಕಾದ್ರೂ ಎತ್ತು,” ಎಂದರು ಮಾವ.

ಹೆಡ್ಮಿಸ್ ನಾಲ್ಕನೇ ಗುರುತು ಹಾಕಿದರು. ಕೋಣೆ ಉಳಿಯಿತು. ಸೈಕಲ್ಲುಗಳು ಮೆಟ್ಟಿಲ ಕೆಳಗೇ ಉಳಿದವು. ಪುಸ್ತಕದಲ್ಲಿ ‘ಆಟ ಕಲಿಸುವವರು’ ಎಂಬಲ್ಲಿ ಹೆಡ್ಮಿಸ್ ಮಾವನ ಹೆಸರು ಹೊಡೆದುಹಾಕಿ ಟೈಲರಮ್ಮನ ಹೆಸರು ಬರೆದರು.

ಹೆಡ್ಮಿಸ್ ಹೊರಟ ಮೇಲೆ ಟೈಲರಮ್ಮ ಕಾರ್ಡು ಹಂಚಿದರು, ಆಟ ಶುರುವಾಯಿತು. ಮೂರು ಸುತ್ತು ಕಳೆಯುವವರೆಗೆ ಮಾವ ತುಟಿ ಬಿಚ್ಚದೆ ಕೂತರು. ನಾಲ್ಕನೇ ಸುತ್ತಿನಲ್ಲಿ ಡ್ರೈವರ್ ಸರದಿ ತಪ್ಪಿ ಕಾರ್ಡು ಹಾಕಿದಾಗ ಅವರ ಬೆರಳು ತಾನಾಗಿ ಮೇಲೆದ್ದಿತು.

“ಅದು ಹಾಗಲ್ಲ, ಆರನೇ ನಿಯಮದಲ್ಲಿ...”

ಡ್ರೈವರನ ಅತ್ತೆ ಎದ್ದು ಹೋಗಿ ಬಾಗಿಲಿನ ಹಳದಿ ಫಲಕ ಬಿಚ್ಚಿ ತಂದು, ಮಾವನ ಕೊರಳಿಗೆ ಹಾಕಿ, ಮತ್ತೆ ತಮ್ಮ ಜಾಗದಲ್ಲಿ ಕೂತರು. ಮಾವ ಅದನ್ನು ತೆಗೆಯಲಿಲ್ಲ. ಕಿಸೆಯಿಂದ ನೋಟುಪುಸ್ತಕ ತೆಗೆದು, ಸರದಿ ತಪ್ಪಿದ ಸಮಯವನ್ನು ಗಂಟೆ, ನಿಮಿಷ ಸಹಿತ ಬರೆದುಕೊಂಡರು. ಆಮೇಲೆ ಕಾರ್ಡು ಬೋರಲು ಹಾಕಿ, “ಏಳು,” ಎಂದರು.

“ಸುಳ್ಳು,” ಎಂದರು ಐವರೂ ಒಟ್ಟಿಗೆ.

ಅದು ಏಳೇ ಆಗಿತ್ತು. ಐದು ಮಣಿಗಳು ಮಾವನ ಮುಂದೆ ಬಂದು ಬಿದ್ದವು.